ಬೆಳಗಾವಿ ಮೇಯರ್ ಚುನಾವಣೆ: ಜನರ ಮಾತು, ಸಭಾಗೃಹದ ಮತ

ಸತ್ತಿ: ಕಬ್ಬಿನ ಕಟಾವು ಮುಗಿಯುತ್ತ ಬರುವ ಫೆಬ್ರುವರಿ-ಮಾರ್ಚ್ ತಿಂಗಳುಗಳಲ್ಲಿ ಬೆಳಗಾವಿ ಜಿಲ್ಲೆಯ ಊರೂರಿನ ಚಹಾದಂಗಡಿಗಳಲ್ಲಿ ಒಂದು ಪ್ರಶ್ನೆ ಕೇಳಿಬರುವುದುಂಟು. ಈ ಸಲ ಬೆಳಗಾವಿಗೆ ಮೇಯರ್ ಯಾರು? ಕೃಷ್ಣಾ ತೀರದ ಸತ್ತಿಯಿಂದ ಜಿಲ್ಲಾ ಕೇಂದ್ರ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿದೆ. ಇಲ್ಲಿಯ ಜನರಿಗೆ ಆಸ್ಪತ್ರೆಗೆ ಮಿರಜವೇ ಸಮೀಪ, ವ್ಯಾಪಾರಕ್ಕೆ ಅಥಣಿಯೇ ಪೇಟೆ. ಆದರೂ ಜಿಲ್ಲಾಧಿಕಾರಿ ಕಚೇರಿ, ಸುವರ್ಣ ವಿಧಾನಸೌಧ ಎಲ್ಲವೂ ಬೆಳಗಾವಿಯಲ್ಲಿರುವುದರಿಂದಲೂ, ಗಡಿ ವಿವಾದದ ಕೇಂದ್ರಬಿಂದು ಆ ನಗರವೇ ಆಗಿರುವುದರಿಂದಲೂ ಅಲ್ಲಿಯ ಮಹಾಪೌರನ ಆಯ್ಕೆ ಗಡಿಭಾಗದ ಪ್ರತಿಯೊಬ್ಬ ಕನ್ನಡಿಗನ ಮಾತಿನ ವಿಷಯವಾಗಿದೆ.

ಈ ಚರ್ಚೆಯಲ್ಲಿ ಒಂದು ತಪ್ಪುತಿಳಿವಳಿಕೆ ಮೊದಲಿನಿಂದಲೂ ಉಳಿದುಬಂದಿದೆ. ಮೇಯರ್ ಚುನಾವಣೆಯೆಂದರೆ ಜನರು ಮತಗಟ್ಟೆಗೆ ಹೋಗಿ ಆರಿಸುವ ಚುನಾವಣೆಯೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಬೆಳಗಾವಿಯ ನಿವಾಸಿಗೂ ಮೇಯರ್ ಆಯ್ಕೆಯಲ್ಲಿ ನೇರ ಮತವಿಲ್ಲ. ಜನಾಭಿಪ್ರಾಯ ಮೇಯರ್ ಪೀಠವನ್ನು ತಲುಪುವ ಮೊದಲು ಹಲವು ಬಾಗಿಲುಗಳನ್ನು ದಾಟಬೇಕು. ಆ ಬಾಗಿಲುಗಳು ಯಾವುವು, ಅವುಗಳನ್ನು ದಾಟಿ ಈವರೆಗೆ ಬಂದವರು ಯಾರು, ಈ ಕುರಿತು ಸ್ಥಳೀಯರ ಅಭಿಪ್ರಾಯಗಳೇನು ಎಂಬುದನ್ನು ಓದುಗರ ತಿಳಿವಳಿಕೆಗಾಗಿ ಇಲ್ಲಿ ಸಂಗ್ರಹಿಸಲಾಗಿದೆ.

ಪಾಲಿಕೆಯ ಹಿನ್ನೆಲೆ

ಬೆಳಗಾವಿಯಲ್ಲಿ ಪೌರಸಭೆ ಸ್ಥಾಪನೆಯಾದದ್ದು ಬ್ರಿಟಿಷರ ಕಾಲದಲ್ಲಿ, 1851ರಲ್ಲಿ. ಅಂದು ಈ ಪ್ರದೇಶ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಅಂದಿನ ಮೈಸೂರು ರಾಜ್ಯಕ್ಕೆ ಬಂದಿತು. 1976ರಲ್ಲಿ ಕರ್ನಾಟಕ ಮಹಾನಗರಪಾಲಿಕೆಗಳ ಕಾಯ್ದೆ ರೂಪುಗೊಂಡ ಬಳಿಕ ನಗರಸಭೆ ಮಹಾನಗರಪಾಲಿಕೆಯಾಯಿತು. ಈಗ ಪಾಲಿಕೆಯಲ್ಲಿ 58 ವಾರ್ಡುಗಳಿವೆ. ವಾರ್ಡಿನಿಂದ ಆರಿಸಿ ಬಂದ ಸದಸ್ಯನನ್ನು ಈ ಭಾಗದ ಜನ ಇಂದಿಗೂ ‘ನಗರಸೇವಕ’ ಎಂದೇ ಕರೆಯುತ್ತಾರೆ. ನಗರದೊಳಗಿದ್ದೂ ಕಂಟೋನ್ಮೆಂಟ್ ಪ್ರದೇಶ ಪಾಲಿಕೆಯ ವ್ಯಾಪ್ತಿಗೆ ಒಳಪಡುವುದಿಲ್ಲ. ಅಲ್ಲಿ ದಂಡು ಮಂಡಳಿಯದೇ ಆಡಳಿತ.

ಮತ ಯಾರದು?

ಮೇಯರ್ ಹಾಗೂ ಉಪಮೇಯರ್ ಆಯ್ಕೆಯಲ್ಲಿ ಮತ ಚಲಾಯಿಸುವವರು ಮೂರು ಬಗೆಯವರು. ಮೊದಲನೆಯವರು ವಾರ್ಡುಗಳಿಂದ ಚುನಾಯಿತರಾದ ನಗರಸೇವಕರು. ಎರಡನೆಯವರು ನಗರ ಪ್ರದೇಶವನ್ನು ಪೂರ್ಣವಾಗಿಯೋ ಭಾಗಶಃವಾಗಿಯೋ ಪ್ರತಿನಿಧಿಸುವ ಲೋಕಸಭಾ ಸದಸ್ಯರು ಮತ್ತು ಶಾಸಕರು. ಮೂರನೆಯವರು ನಗರದ ಮತದಾರರ ಪಟ್ಟಿಯಲ್ಲಿ ಹೆಸರು ಹೊಂದಿರುವ ರಾಜ್ಯಸಭೆ ಹಾಗೂ ವಿಧಾನ ಪರಿಷತ್ತಿನ ಸದಸ್ಯರು. ಸರಕಾರ ನಾಮನಿರ್ದೇಶನ ಮಾಡಿದ ಸದಸ್ಯರು ಸಭೆಯಲ್ಲಿ ಕುಳಿತು ಮಾತನಾಡಬಹುದು, ಆದರೆ ಅವರಿಗೆ ಮತದ ಹಕ್ಕಿಲ್ಲ. ಅಥಣಿ ವಿಧಾನಸಭಾ ಕ್ಷೇತ್ರದ ಯಾವ ಭಾಗವೂ ಬೆಳಗಾವಿ ನಗರದಲ್ಲಿ ಇಲ್ಲವಾದ್ದರಿಂದ ಅಥಣಿಯ ಶಾಸಕರಿಗೆ ಆ ಸ್ಥಾನದ ಬಲದಿಂದ ಇಲ್ಲಿ ಮತವಿಲ್ಲ.

ಚುನಾವಣಾಧಿಕಾರಿಯಾಗಿ ಸಭೆ ನಡೆಸುವವರು ಪ್ರಾದೇಶಿಕ ಆಯುಕ್ತರು. ಬೆಳಗ್ಗೆ ನಾಮಪತ್ರ ಸಲ್ಲಿಕೆ, ಬಳಿಕ ಪರಿಶೀಲನೆ, ಉಮೇದುವಾರಿಕೆ ಹಿಂಪಡೆಯಲು ಅವಕಾಶ, ಕೊನೆಗೆ ಕೈ ಎತ್ತುವ ಮೂಲಕ ಮತದಾನ. ಇದು ಗುಪ್ತ ಮತದಾನವಲ್ಲವೆಂಬುದನ್ನು ಗಮನಿಸಬೇಕು. ಯಾರ ಕೈ ಯಾರಿಗೆ ಎದ್ದಿತೆಂಬುದು ಸಭಾಗೃಹದಲ್ಲಿದ್ದವರಿಗೆಲ್ಲ ಕಾಣುತ್ತದೆ. ಮತಗಳು ಸಮವಾದರೆ ಚೀಟಿ ಎತ್ತಿ ತೀರ್ಮಾನಿಸಲಾಗುತ್ತದೆ. 1976ರ ಕಾಯ್ದೆಯಡಿ ನಡೆದುಬಂದಿರುವ ಪದ್ಧತಿಯಂತೆ ಮೇಯರ್ ಅವಧಿ ಒಂದು ವರ್ಷ. ಆದ್ದರಿಂದಲೇ ಬೆಳಗಾವಿಯಲ್ಲಿ ಮೇಯರ್ ಚುನಾವಣೆ ವಾರ್ಷಿಕ ಜಾತ್ರೆಯಂತೆ ಮರಳಿ ಮರಳಿ ಬರುತ್ತದೆ.

ಮೊದಲ ಬಾಗಿಲು: ಮೀಸಲಾತಿ

ಪೀಠಕ್ಕೆ ಯಾರು ಸ್ಪರ್ಧಿಸಬಹುದೆಂಬುದನ್ನು ಮೊದಲು ನಿರ್ಧರಿಸುವುದು ಮೀಸಲಾತಿ. ರಾಜ್ಯ ಸರಕಾರ ಎಲ್ಲ ಮಹಾನಗರಪಾಲಿಕೆಗಳ ಮೇಯರ್, ಉಪಮೇಯರ್ ಸ್ಥಾನಗಳನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ‘ಅ’, ಹಿಂದುಳಿದ ವರ್ಗ ‘ಬ’ ಹಾಗೂ ಸಾಮಾನ್ಯ ಎಂದು ಸರದಿಯಂತೆ ಹಂಚುತ್ತದೆ. ಅದರೊಳಗೆ ಮಹಿಳೆಯರ ಪಾಲೂ ಇರುತ್ತದೆ. ಹೀಗಾಗಿ ಬಹುಮತ ಯಾವ ಗುಂಪಿನದೆಂಬ ಲೆಕ್ಕಕ್ಕಿಂತ, ಆ ವರ್ಷದ ಮೀಸಲಿಗೆ ಸೇರಿದ ಸದಸ್ಯ ಯಾವ ಗುಂಪಿನಲ್ಲಿದ್ದಾನೆಂಬುದೇ ಕೆಲವೊಮ್ಮೆ ಮುಖ್ಯವಾಗುತ್ತದೆ.

ಇದಕ್ಕೆ ತಕ್ಕ ನಿದರ್ಶನ 2018ರ ಚುನಾವಣೆ. ಅಂದು ಪಾಲಿಕೆಯಲ್ಲಿ ಬಹುಮತ ಮರಾಠಿ ಗುಂಪಿನದಾಗಿತ್ತು. ಆದರೆ ಮೇಯರ್ ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಆ ವರ್ಗದ ಸದಸ್ಯರಿದ್ದದ್ದು ಕನ್ನಡ ಗುಂಪಿನಲ್ಲಿ ಮಾತ್ರ. ಪರಿಣಾಮವಾಗಿ 2018ರ ಮಾರ್ಚ್ 1ರಂದು ಬಸಪ್ಪ ಚಿಕ್ಕಲದಿನ್ನಿ ಮೇಯರ್ ಆದರು. ಗಡಿಭಾಗದ ಕನ್ನಡಿಗರು ಅಂದು ಸಂಭ್ರಮಿಸಿದ್ದು ಸಹಜವೇ. ಆದರೆ ಆ ಗೆಲುವು ಬಂದದ್ದು ಮತಗಳ ಬಲದಿಂದಲ್ಲ, ಮೀಸಲಾತಿಯ ಸರದಿಯಿಂದ.

ಮೀಸಲಾತಿ ಪಟ್ಟಿಯ ಬಗ್ಗೆ ಎರಡು ಅಭಿಪ್ರಾಯಗಳಿವೆ. ಈ ಪದ್ಧತಿ ಇಲ್ಲದಿದ್ದರೆ ಪರಿಶಿಷ್ಟರಾಗಲಿ ಮಹಿಳೆಯರಾಗಲಿ ಆ ಪೀಠದ ಬಳಿ ಸುಳಿಯಲೂ ಆಗುತ್ತಿರಲಿಲ್ಲ ಎಂಬುದು ಒಂದು. ಪಟ್ಟಿಯನ್ನು ಅಧಿಕಾರದಲ್ಲಿರುವ ಸರಕಾರವೇ ಹೊರಡಿಸುವುದರಿಂದ ಆಳುವ ಪಕ್ಷ ತನಗೆ ಬೇಕಾದಂತೆ ಸರದಿಯನ್ನು ಹೊಂದಿಸಿಕೊಳ್ಳುತ್ತದೆ ಎಂಬ ಶಂಕೆ ಮತ್ತೊಂದು. ಈ ಶಂಕೆಯಿಂದಲೇ ರಾಜ್ಯದಲ್ಲಿ ಮೀಸಲಾತಿ ಪಟ್ಟಿಗಳು ಪದೇ ಪದೇ ಹೈಕೋರ್ಟ್ ಮೆಟ್ಟಿಲೇರಿವೆ. ನೆರೆಯ ಮಹಾರಾಷ್ಟ್ರದಲ್ಲಿ ಮೇಯರ್ ಸ್ಥಾನದ ಮೀಸಲನ್ನು ಸಾರ್ವಜನಿಕವಾಗಿ ಚೀಟಿ ಎತ್ತಿ ನಿಗದಿಪಡಿಸುವ ರೂಢಿಯಿದೆ. ಆ ಮಾದರಿ ಇಲ್ಲಿಯೂ ಬರಲೆಂಬ ಮಾತು ಅಪರೂಪವಾಗಿ ಕೇಳಿಬರುತ್ತದೆ.

ಭಾಷೆಯೇ ಪಕ್ಷವಾಗಿದ್ದ ಕಾಲ

ಬೆಳಗಾವಿ ಪಾಲಿಕೆಯ ಇತಿಹಾಸದಲ್ಲಿ ದೀರ್ಘಕಾಲ ಕಾಂಗ್ರೆಸ್, ಬಿಜೆಪಿ, ಜನತಾದಳಗಳಿಗೆ ಹೆಚ್ಚಿನ ಅರ್ಥವಿರಲಿಲ್ಲ. ಸದಸ್ಯರು ಪಕ್ಷದ ಚಿಹ್ನೆಯಿಲ್ಲದೆ ಆರಿಸಿ ಬರುತ್ತಿದ್ದರು. ಬಂದ ಮೇಲೆ ಮರಾಠಿ ಗುಂಪು, ಕನ್ನಡ ಗುಂಪು, ಉರ್ದು ಗುಂಪು ಎಂದು ವಿಂಗಡವಾಗುತ್ತಿದ್ದರು. ಮರಾಠಿ ಗುಂಪಿನ ಬೆನ್ನೆಲುಬು ಮಹಾರಾಷ್ಟ್ರ ಏಕೀಕರಣ ಸಮಿತಿ. ಕನ್ನಡ-ಉರ್ದು ಗುಂಪುಗಳು ಕೂಡಿದರೂ ಬಹುತೇಕ ವರ್ಷಗಳಲ್ಲಿ ಮೇಯರ್ ಪೀಠ ಮರಾಠಿ ಗುಂಪಿಗೇ ಹೋಗುತ್ತಿತ್ತು. ಈ ಸರಣಿಯನ್ನು ಮೊದಲು ಮುರಿದು ಪ್ರಥಮ ಕನ್ನಡ ಮೇಯರ್ ಎನಿಸಿದವರು ಸಿದ್ದನಗೌಡ ಪಾಟೀಲರು.

ಪಾಲಿಕೆ ಎರಡು ಸಲ ಈ ಭಾಷಾ ರಾಜಕಾರಣದ ಬೆಲೆ ತೆತ್ತಿದೆ. 2005ರ ಅಕ್ಟೋಬರ್‌ನಲ್ಲಿ ಮೇಯರ್ ವಿಜಯ ಮೋರೆ ಅವರ ಅವಧಿಯಲ್ಲಿ ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಪಾಲಿಕೆ ಠರಾವು ಅಂಗೀಕರಿಸಿತು. ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮೇಯರ್ ಮುಖಕ್ಕೆ ಮಸಿ ಬಳಿದ ಘಟನೆ ನಡೆಯಿತು. ಅದೇ ತಿಂಗಳು ರಾಜ್ಯ ಸರಕಾರ ಪಾಲಿಕೆಯನ್ನು ಸೂಪರ್‌ಸೀಡ್ ಮಾಡಿತು. 2011ರ ನವೆಂಬರ್ 1ರಂದು ರಾಜ್ಯೋತ್ಸವದ ದಿನ ಸಮಿತಿ ನಡೆಸಿದ ಕರಾಳ ದಿನಾಚರಣೆಯಲ್ಲಿ ಮೇಯರ್ ಮಂದಾ ಬಾಳೇಕುಂದ್ರಿ ಪಾಲ್ಗೊಂಡದ್ದು ವಿವಾದವಾಯಿತು. ಡಿಸೆಂಬರ್‌ನಲ್ಲಿ ಪಾಲಿಕೆ ಮತ್ತೆ ಸೂಪರ್‌ಸೀಡ್ ಆಯಿತು.

ಈ ಎರಡೂ ಕ್ರಮಗಳ ಬಗೆಗೆ ಅಭಿಪ್ರಾಯಭೇದ ಇಂದಿಗೂ ಇದೆ. ರಾಜ್ಯದ ನೆಲದಲ್ಲಿ, ರಾಜ್ಯದ ಕಾಯ್ದೆಯಡಿ ಹುಟ್ಟಿದ ಸಂಸ್ಥೆ ಆ ರಾಜ್ಯವನ್ನೇ ನಿರಾಕರಿಸುವ ಠರಾವು ಮಾಡಲಾಗದೆಂಬುದು ಕನ್ನಡಪರ ಸಂಘಟನೆಗಳ ದೃಢ ನಿಲುವು. ಚುನಾಯಿತ ಸಂಸ್ಥೆಯನ್ನು ವಿಸರ್ಜಿಸಿದರೆ ಶಿಕ್ಷೆ ಮೇಯರ್‌ಗಲ್ಲ, ಆ ವಾರ್ಡುಗಳ ಮತದಾರರಿಗೆ ಎಂಬುದು ಮರಾಠಿ ಭಾಷಿಕರ ವಾದ. ಎರಡು ವಾದಗಳ ನಡುವೆ ನಲ್ಲಿ, ಗಟಾರ, ಬೀದಿದೀಪಗಳ ದೂರು ಹಿಡಿದುಕೊಂಡು ಹೋಗಲು ನಗರಸೇವಕರೇ ಇಲ್ಲದೆ ಎರಡೂ ಭಾಷೆಯ ಜನ ಅಧಿಕಾರಿಗಳ ಬಾಗಿಲು ಕಾದದ್ದು ಮಾತ್ರ ನಿಜ.

ಚಿಹ್ನೆಯ ಕಾಲ

2021ರ ಸೆಪ್ಟೆಂಬರ್ 3ರಂದು ನಡೆದ ಚುನಾವಣೆ ಈ ಚಿತ್ರವನ್ನು ಬದಲಿಸಿತು. ರಾಷ್ಟ್ರೀಯ ಪಕ್ಷಗಳು ಮೊದಲ ಬಾರಿಗೆ ತಮ್ಮ ಚಿಹ್ನೆಯ ಮೇಲೆ ಬೆಳಗಾವಿ ಪಾಲಿಕೆಗೆ ಸ್ಪರ್ಧಿಸಿದವು. ಸೆಪ್ಟೆಂಬರ್ 6ರ ಫಲಿತಾಂಶದಲ್ಲಿ 58 ಸ್ಥಾನಗಳ ಪೈಕಿ ಬಿಜೆಪಿ 35 ಗೆದ್ದು ಸ್ಪಷ್ಟ ಬಹುಮತ ಪಡೆಯಿತು. ಕಾಂಗ್ರೆಸ್ 10ಕ್ಕೆ ನಿಂತಿತು. ದಶಕಗಳ ಕಾಲ ಪಾಲಿಕೆ ಆಳಿದ ಏಕೀಕರಣ ಸಮಿತಿ ಬೆರಳೆಣಿಕೆಯ ಸ್ಥಾನಗಳಿಗೆ ಕುಸಿಯಿತು.

ಚಿಹ್ನೆ ಬಂದದ್ದರಿಂದ ಬದಲಾದದ್ದು ಫಲಿತಾಂಶ ಮಾತ್ರವಲ್ಲ. ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆ 1987ರಿಂದ ಇದೆ. ಪಕ್ಷದ ಚಿಹ್ನೆಯ ಮೇಲೆ ಗೆದ್ದ ಸದಸ್ಯ ಪಕ್ಷ ನೀಡಿದ ವಿಪ್ ಉಲ್ಲಂಘಿಸಿ ಕೈ ಎತ್ತಿದರೆ ಸದಸ್ಯತ್ವ ಕಳೆದುಕೊಳ್ಳಬಹುದು. ಚಿಹ್ನೆಯಿಲ್ಲದ ಕಾಲದಲ್ಲಿ ಗುಂಪಿನ ಸದಸ್ಯರನ್ನು ಪ್ರವಾಸಕ್ಕೆ ಕರೆದೊಯ್ದು, ಮತದಾನದ ದಿನ ನೇರವಾಗಿ ಸಭಾಗೃಹಕ್ಕೆ ತಂದಿಳಿಸುವ ಪದ್ಧತಿಯಿತ್ತು. ಈಗ ಆ ಕೆಲಸವನ್ನು ವಿಪ್ ಮಾಡುತ್ತದೆ. ಹೀಗಾಗಿ ನಿಜವಾದ ಸ್ಪರ್ಧೆ ಸಭಾಗೃಹದಿಂದ ಪಕ್ಷದ ಕಚೇರಿಗೆ ಸರಿದಿದೆ. ಆಕಾಂಕ್ಷಿಗಳು ಒಲಿಸಿಕೊಳ್ಳಬೇಕಾದದ್ದು ಸಹಸದಸ್ಯರನ್ನಲ್ಲ, ನಗರದ ಶಾಸಕರನ್ನು ಹಾಗೂ ಪಕ್ಷದ ವರಿಷ್ಠರನ್ನು.

ಭಾಷೆ ಹಿಂದೆ ಸರಿದರೂ ಮಾಯವಾಗಿಲ್ಲ. ಪಕ್ಷದೊಳಗೂ ಮೇಯರ್ ಒಂದು ಭಾಷೆಯವರಾದರೆ ಉಪಮೇಯರ್ ಇನ್ನೊಂದು ಭಾಷೆಯವರಾಗಲೆಂಬ ಒತ್ತಾಯ ಕೇಳಿಬರುತ್ತದೆ. ಸಭೆಯ ಕಾಗದಪತ್ರಗಳನ್ನು ಮರಾಠಿಯಲ್ಲೂ ಕೊಡಬೇಕೆಂಬ ಬೇಡಿಕೆ, ಆಡಳಿತ ಕನ್ನಡದಲ್ಲೇ ನಡೆಯಬೇಕೆಂಬ ಪ್ರತಿವಾದ ಇವೆರಡೂ ಸಭಾಗೃಹದಲ್ಲಿ ಮುಂದುವರಿದಿವೆ. 2020ರ ಡಿಸೆಂಬರ್‌ನಲ್ಲಿ ಪಾಲಿಕೆ ಕಚೇರಿಯ ಎದುರು ಕನ್ನಡ ಧ್ವಜ ಹಾರಿಸಿದ ಪ್ರಕರಣ ಎಬ್ಬಿಸಿದ ಬಿರುಸು ಇನ್ನೂ ಹಲವರ ನೆನಪಿನಲ್ಲಿದೆ.

ಗೆದ್ದ ಮೇಲೂ ಕಾಯುವಿಕೆ

2021ರ ಸೆಪ್ಟೆಂಬರ್‌ನಲ್ಲಿ ಆಯ್ಕೆಯಾದ ಸದಸ್ಯರು ಮೇಯರ್‌ನನ್ನು ಆರಿಸಿದ್ದು ಹದಿನೇಳು ತಿಂಗಳ ನಂತರ, 2023ರ ಫೆಬ್ರುವರಿ 6ರಂದು. ಅಲ್ಲಿಯವರೆಗೆ ಆಡಳಿತಾಧಿಕಾರಿಯ ಆಳ್ವಿಕೆ. ಹಿಂದಿನ ಪಾಲಿಕೆಯ ಅವಧಿ 2019ರ ಮಾರ್ಚ್‌ನಲ್ಲೇ ಮುಗಿದಿದ್ದುದರಿಂದ, ಸುಮಾರು ನಾಲ್ಕು ವರ್ಷ ಬೆಳಗಾವಿಗೆ ಮೇಯರ್ ಇರಲಿಲ್ಲ. ಇದು ಬೆಳಗಾವಿಯೊಂದರ ಕಥೆಯಲ್ಲ. ಅದೇ ದಿನ ಮತದಾನ ನಡೆದ ಹುಬ್ಬಳ್ಳಿ-ಧಾರವಾಡಕ್ಕೆ 2022ರ ಮೇ ತಿಂಗಳಲ್ಲಿ, ಕಲಬುರಗಿಗೆ 2023ರ ಮಾರ್ಚ್‌ನಲ್ಲಿ ಮೇಯರ್ ದೊರೆತರು. ಬೆಳಗಾವಿಯಲ್ಲಿ 2013ರ ಮಾರ್ಚ್‌ನಲ್ಲಿ ಗೆದ್ದವರೂ ಮೇಯರ್ ಆಯ್ಕೆಗೆ 2014ರವರೆಗೆ ಕಾದಿದ್ದರು.

ಸಂವಿಧಾನದ ಪ್ರಕಾರ ಪಾಲಿಕೆಯ ಐದು ವರ್ಷಗಳ ಅವಧಿ ಎಣಿಕೆಯಾಗುವುದು ಚುನಾವಣೆಯ ದಿನದಿಂದಲ್ಲ, ಮೊದಲ ಸಭೆಯ ದಿನದಿಂದ. ಆದ್ದರಿಂದ ಸದಸ್ಯರ ಅವಧಿಗೆ ನಷ್ಟವಾಗಲಿಲ್ಲ. ನಷ್ಟವಾದದ್ದು ಮತದಾರನಿಗೆ. ಮತ ಹಾಕಿಯೂ ಪ್ರತಿನಿಧಿಯಿಲ್ಲದ ಕಾಲ ಅವನದಾಯಿತು. ಮೇಯರ್ ಚುನಾವಣೆ ಕುರಿತ ಸ್ಥಳೀಯ ಅಸಮಾಧಾನಗಳಲ್ಲಿ ಭಾಷೆಯ ಗಡಿ ದಾಟಿ ಎಲ್ಲರೂ ಒಪ್ಪುವ ದೂರು ಇದೊಂದೇ ಎನ್ನಬಹುದು.

2023ರ ಮೊದಲ ಅವಧಿಗೆ ಮೇಯರ್ ಆದವರು ಶೋಭಾ ಸೋಮನಾಚೆ, ಉಪಮೇಯರ್ ಆದವರು ರೇಷ್ಮಾ ಪಾಟೀಲ. ಎರಡೂ ಸ್ಥಾನಗಳಲ್ಲಿ ಮಹಿಳೆಯರೇ ಕುಳಿತದ್ದು ಗಮನಾರ್ಹ. 2024ರ ಫೆಬ್ರುವರಿಯಲ್ಲಿ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾದ ಸ್ಥಾನಕ್ಕೆ ಸವಿತಾ ಕಾಂಬಳೆ ಅವಿರೋಧವಾಗಿ ಆಯ್ಕೆಯಾದರು. ಆನಂದ ಚವ್ಹಾಣ ಉಪಮೇಯರ್ ಆದರು. 2025ರ ಮಾರ್ಚ್ 15ರಂದು ಮಂಗೇಶ ಪವಾರ ಮೇಯರ್, ವಾಣಿ ಜೋಶಿ ಉಪಮೇಯರ್ ಆಗಿ ಚುನಾಯಿತರಾದರು. ಪವಾರರ ಸದಸ್ಯತ್ವದ ಅರ್ಹತೆಯ ವ್ಯಾಜ್ಯ ನ್ಯಾಯಾಲಯದಲ್ಲಿದ್ದಾಗಲೇ ಆ ಆಯ್ಕೆ ನಡೆಯಿತೆಂಬುದು ಆ ಸಲದ ವಿಶೇಷ.

ನೆರೆಹೊರೆಯ ಪಾಠಗಳು

ಬೆಳಗಾವಿಯಲ್ಲಿ ಒಂದು ಪಕ್ಷಕ್ಕೆ ಸ್ಪಷ್ಟ ಬಹುಮತವಿದ್ದುದರಿಂದ ಲೆಕ್ಕಾಚಾರ ಸರಳವಾಯಿತು. ಎಲ್ಲೆಡೆ ಹಾಗಾಗುವುದಿಲ್ಲ. ಸತ್ತಿಯ ಜನರಿಗೆ ಪರಿಚಿತವಾದ ಪೂರ್ವದಿಕ್ಕಿನ ನಗರ ವಿಜಯಪುರ. ಅಲ್ಲಿ 2022ರ ಅಕ್ಟೋಬರ್‌ನಲ್ಲಿ 35 ವಾರ್ಡುಗಳಿಗೆ ಚುನಾವಣೆ ನಡೆದಾಗ 17 ಸ್ಥಾನ ಗೆದ್ದ ಬಿಜೆಪಿ ಅತಿ ದೊಡ್ಡ ಪಕ್ಷವಾಗಿತ್ತು, ಕಾಂಗ್ರೆಸ್ 10 ಗೆದ್ದಿತ್ತು. 2024ರ ಜನವರಿಯಲ್ಲಿ ಮೇಯರ್ ಆಯ್ಕೆ ನಡೆದಾಗ ಪೀಠ ಕಾಂಗ್ರೆಸ್ಸಿನ ಮೆಹಜಬೀನ್ ಹೊರ್ತಿ ಅವರಿಗೆ ಒಲಿಯಿತು.

ಕಲಬುರಗಿಯಲ್ಲಿ ಇದಕ್ಕೆ ವ್ಯತಿರಿಕ್ತ. 55 ವಾರ್ಡುಗಳಲ್ಲಿ ಕಾಂಗ್ರೆಸ್ 27, ಬಿಜೆಪಿ 23 ಗೆದ್ದಿದ್ದವು. 2023ರ ಮಾರ್ಚ್‌ನಲ್ಲಿ ಮೇಯರ್ ಆದವರು ಬಿಜೆಪಿಯ ವಿಶಾಲ ದರ್ಗಿ. ನಗರಸೇವಕರಲ್ಲದ ಶಾಸಕ, ಸಂಸದ ಹಾಗೂ ಪರಿಷತ್ ಸದಸ್ಯರ ಮತಗಳು ತಕ್ಕಡಿಯನ್ನು ಎತ್ತ ವಾಲಿಸಬಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಎರಡು ನಗರಗಳಲ್ಲಿ ಎರಡು ಪಕ್ಷಗಳಿಗೆ ಒದಗಿದ ಲಾಭವನ್ನು ನೋಡಿದರೆ, ಇದು ಪಕ್ಷದ ದೋಷಕ್ಕಿಂತ ಪದ್ಧತಿಯ ಸ್ವಭಾವವೆಂದು ತಿಳಿಯುತ್ತದೆ.

ಗಡಿಯಾಚೆಗೂ ಇದೇ ಕಥೆ. 1998ರಲ್ಲಿ ರಚನೆಯಾದ ಸಾಂಗ್ಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯಲ್ಲಿ 2018ರ ಚುನಾವಣೆಯಲ್ಲಿ ಬಿಜೆಪಿ ಬಹುಮತ ಪಡೆದಿತ್ತು. 2021ರ ಫೆಬ್ರುವರಿಯಲ್ಲಿ ನಡೆದ ಮೇಯರ್ ಆಯ್ಕೆಯಲ್ಲಿ ಅದರ ಕೆಲವು ಸದಸ್ಯರ ಅಡ್ಡಮತದಿಂದ ರಾಷ್ಟ್ರವಾದಿ ಕಾಂಗ್ರೆಸ್ಸಿನ ದಿಗ್ವಿಜಯ ಸೂರ್ಯವಂಶಿ ಗೆದ್ದರು. ವಿಪ್ ಇದ್ದರೂ ಕೈಗಳು ಬೇರೆಡೆ ಏಳಬಹುದೆಂಬುದನ್ನು ಮಿರಜದ ಆಸ್ಪತ್ರೆಗಳಿಗೆ ಹೋಗಿಬರುವ ಅಥಣಿ ಸೀಮೆಯ ಜನ ಅಂದು ಸಮೀಪದಿಂದ ಕಂಡರು.

ಸ್ಥಳೀಯರ ಅಭಿಪ್ರಾಯಗಳು

ಇಲ್ಲಿ ಕೊಟ್ಟಿರುವುದು ಸಮೀಕ್ಷೆಯ ಅಂಕಿಗಳಲ್ಲ. ಮೇಯರ್ ಆಯ್ಕೆಯ ಸುತ್ತ ಸಾರ್ವಜನಿಕವಾಗಿ ಚರ್ಚೆಯಾಗುವ ವಾದಗಳ ಸಾರ.

ಒಂದು, ಕನ್ನಡದ ಅಸ್ಮಿತೆಯ ವಾದ. ಗಡಿಯ ನಗರದ ಮೇಯರ್ ಕೇವಲ ಪೌರಾಡಳಿತದ ಮುಖ್ಯಸ್ಥನಲ್ಲ, ಅವನು ರಾಜ್ಯದ ಮುಖ. ಆದ್ದರಿಂದ ಆ ಪೀಠದಲ್ಲಿ ಕೂಡುವವರು ಕನ್ನಡದಲ್ಲಿ ಸಭೆ ನಡೆಸಬೇಕು, ರಾಜ್ಯೋತ್ಸವದ ಮೆರವಣಿಗೆಯ ಮುಂದೆ ನಿಲ್ಲಬೇಕು. ಅಥಣಿ, ಚಿಕ್ಕೋಡಿ, ನಿಪ್ಪಾಣಿ ಭಾಗದ ಕನ್ನಡಿಗರಲ್ಲಿ ಈ ಭಾವನೆ ಪ್ರಬಲ. ತಮ್ಮೂರಿನ ಭವಿಷ್ಯವೂ ಬೆಳಗಾವಿಯ ಭವಿಷ್ಯದೊಂದಿಗೆ ಹೆಣೆದುಕೊಂಡಿದೆಯೆಂಬ ಅರಿವು ಅದರ ಹಿಂದಿದೆ.

ಎರಡು, ಮರಾಠಿ ಭಾಷಿಕರ ವಾದ. ನಗರದಲ್ಲಿ ತಾವು ದೊಡ್ಡ ಸಂಖ್ಯೆಯಲ್ಲಿದ್ದು ತಲೆತಲಾಂತರದಿಂದ ನೆಲೆಸಿದವರು, ಪಾಲಿಕೆಯ ವ್ಯವಹಾರ ತಮಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂಬುದು ಅವರ ಬೇಡಿಕೆ. ಇವರಲ್ಲಿ ಎಲ್ಲರೂ ಏಕೀಕರಣ ಸಮಿತಿಯ ಹಿಂದಿಲ್ಲವೆಂಬುದನ್ನು 2021ರ ಫಲಿತಾಂಶ ತೋರಿಸಿತು. ರಾಷ್ಟ್ರೀಯ ಪಕ್ಷದ ಮೂಲಕವೇ ಮೇಯರ್ ಪೀಠ ತಲುಪಬಹುದಾದರೆ ಗಡಿಯ ವಾದವೇಕೆ ಎಂದು ಕೇಳುವ ಮರಾಠಿಗರೂ ಇದ್ದಾರೆ.

ಮೂರು, ನೀರು-ರಸ್ತೆಯ ವಾದ. ಬೆಳಗಾವಿಗೆ ರಾಕಸಕೊಪ್ಪ ಜಲಾಶಯ ಹಾಗೂ ಹಿಡಕಲ್ ಅಣೆಕಟ್ಟಿನಿಂದ ನೀರು ಬರುತ್ತದೆ. 2008ರಲ್ಲಿ ಹತ್ತು ವಾರ್ಡುಗಳಲ್ಲಿ ಹಗಲಿರುಳು ನೀರು ಪೂರೈಸುವ ಪ್ರಾಯೋಗಿಕ ಯೋಜನೆ ಆರಂಭವಾಗಿ ದೇಶದ ಗಮನ ಸೆಳೆಯಿತು. ಮಿಕ್ಕ ವಾರ್ಡುಗಳು ಅದಕ್ಕಾಗಿ ಒಂದು ದಶಕಕ್ಕೂ ಹೆಚ್ಚು ಕಾಲ ಕಾದವು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳ ಪಟ್ಟಿಯಲ್ಲಿ ಬೆಳಗಾವಿಯ ಹೆಸರು ಬಂದಾಗ ನಿರೀಕ್ಷೆಗಳು ಮುಗಿಲು ಮುಟ್ಟಿದವು. 2019ರ ಮಳೆಗಾಲದಲ್ಲಿ ಬಳ್ಳಾರಿ ನಾಲೆ ಉಕ್ಕಿದಾಗ ಅದೇ ನಗರದ ಬಡಾವಣೆಗಳು ನೀರಿನಲ್ಲಿ ನಿಂತವು. ಯಾವ ಭಾಷೆಯವರು ಮೇಯರ್ ಆದರೇನು, ನಾಲೆಯ ಹೂಳು ತೆಗೆಯುವವರು ಯಾರೆಂದು ಕೇಳುವ ನಿವಾಸಿಗಳ ಸಂಖ್ಯೆ ಹೆಚ್ಚುತ್ತಿದೆ.

ನಾಲ್ಕು, ಉದಾಸೀನತೆ. 2021ರ ಪಾಲಿಕೆ ಚುನಾವಣೆಯಲ್ಲಿ ಮತ ಹಾಕಿದವರು ಸುಮಾರು ಅರ್ಧದಷ್ಟು ಮತದಾರರು ಮಾತ್ರ. ಮೇಯರ್ ಆಯ್ಕೆಯ ದಿನ ಪಟಾಕಿಯ ಸದ್ದು ಕೇಳಿದಾಗಲಷ್ಟೇ ಸುದ್ದಿ ತಿಳಿಯುವವರು ಬಹಳ. ಅಭಿಪ್ರಾಯವಿಲ್ಲದಿರುವುದೂ ಒಂದು ಅಭಿಪ್ರಾಯವೇ ಆಗಿದ್ದು, ಅದನ್ನು ಕಡೆಗಣಿಸುವಂತಿಲ್ಲ.

ಒಂದು ವರ್ಷದ ಗೌನು

ಮೇಯರ್‌ನಿಂದ ಏನನ್ನು ನಿರೀಕ್ಷಿಸಬಹುದೆಂಬುದು ಅವರ ಅಧಿಕಾರದ ಮಿತಿಯನ್ನು ಅವಲಂಬಿಸಿದೆ. ಮೇಯರ್ ಪಾಲಿಕೆಯ ಸಭೆಗಳ ಅಧ್ಯಕ್ಷತೆ ವಹಿಸುತ್ತಾರೆ, ಕಾಮಗಾರಿಗಳನ್ನು ಪರಿಶೀಲಿಸಬಹುದು, ಆಯುಕ್ತರಿಂದ ವಿವರಣೆ ಕೇಳಬಹುದು. ಆದರೆ ಕಾರ್ಯಾಂಗದ ಅಧಿಕಾರವಿರುವುದು ಸರಕಾರ ನೇಮಿಸುವ ಆಯುಕ್ತರ ಕೈಯಲ್ಲಿ. ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ ಈ ವಿಷಯಗಳಿಗೆ ನಾಲ್ಕು ಸ್ಥಾಯಿ ಸಮಿತಿಗಳಿವೆ. ಬಡಾವಣೆ ನಿರ್ಮಾಣ ನಗರಾಭಿವೃದ್ಧಿ ಪ್ರಾಧಿಕಾರದ್ದು. ಸ್ಮಾರ್ಟ್ ಸಿಟಿ ಕಾಮಗಾರಿಗಳನ್ನು ಅದಕ್ಕಾಗಿಯೇ ರಚಿಸಿದ ಪ್ರತ್ಯೇಕ ಕಂಪನಿ ನಡೆಸಿತು.

ಇದರ ಮೇಲೆ ಅವಧಿ ಒಂದೇ ವರ್ಷ. ಹೊಸ ಮೇಯರ್ ಆಯವ್ಯಯ ಪತ್ರ ಓದಿ, ಮಳೆಗಾಲ ದಾಟಿ, ಗಣೇಶೋತ್ಸವ ಹಾಗೂ ರಾಜ್ಯೋತ್ಸವದ ಏರ್ಪಾಟು ಮುಗಿಸುವಷ್ಟರಲ್ಲಿ ಮುಂದಿನ ಆಕಾಂಕ್ಷಿಗಳ ಹೆಸರು ಓಡಾಡತೊಡಗುತ್ತದೆ. ಮಹಾರಾಷ್ಟ್ರದಲ್ಲಿ ಮೇಯರ್ ಅವಧಿ ಎರಡೂವರೆ ವರ್ಷ. ನಮ್ಮ ರಾಜ್ಯದಲ್ಲೇ ನಗರಸಭೆ, ಪುರಸಭೆಗಳ ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಬೆಂಗಳೂರಿಗಾಗಿ 2020ರಲ್ಲಿ ಮಾಡಿದ ಕಾಯ್ದೆಯೂ ಮೇಯರ್‌ಗೆ ಎರಡೂವರೆ ವರ್ಷ ಕೊಟ್ಟಿತ್ತು, ಆದರೆ ಅದರಡಿ ಒಂದು ಚುನಾವಣೆಯೂ ನಡೆಯಲಿಲ್ಲ. ಅವಧಿ ಹೆಚ್ಚಿದರೆ ಹೊಣೆಗಾರಿಕೆ ಹೆಚ್ಚುತ್ತದೆಂದು ಒಂದು ಪಕ್ಷ ಹೇಳುತ್ತದೆ. ಐದು ವರ್ಷದಲ್ಲಿ ಐವರಿಗೆ ಅವಕಾಶ ಸಿಗುವುದರಿಂದಲೇ ಸಣ್ಣ ಸಮುದಾಯಗಳ ಸರದಿ ಬೇಗ ಬರುತ್ತದೆಂದು ಇನ್ನೊಂದು ಪಕ್ಷ ಹೇಳುತ್ತದೆ. ಎರಡರಲ್ಲೂ ಸತ್ಯಾಂಶವಿದೆ.

ಸತ್ತಿಗೆ ಇದರಿಂದೇನು?

ದೂರದ ನಗರದ ಗೌನಿನ ವಿಚಾರ ನದಿದಂಡೆಯ ರೈತನಿಗೇಕೆ ಎಂದು ಕೇಳಬಹುದು. ಉತ್ತರ ಹತ್ತಿರದಲ್ಲೇ ಇದೆ. ಗ್ರಾಮ ಪಂಚಾಯಿತಿಯ ಅಧ್ಯಕ್ಷರನ್ನೂ, ಅಥಣಿಯಂಥ ಪುರಸಭೆಯ ಅಧ್ಯಕ್ಷರನ್ನೂ, ನಿಪ್ಪಾಣಿಯಂಥ ನಗರಸಭೆಯ ಅಧ್ಯಕ್ಷರನ್ನೂ ಆರಿಸುವುದು ಇದೇ ರೀತಿಯಲ್ಲಿ. ಅಲ್ಲಿಯೂ ಮೀಸಲಾತಿಯ ಪಟ್ಟಿ ಮೊದಲು, ಸದಸ್ಯರ ಮತ ಆಮೇಲೆ. 2021ರ ಡಿಸೆಂಬರ್‌ನಲ್ಲಿ ಅಥಣಿ ಪುರಸಭೆಗೆ ಚುನಾವಣೆ ನಡೆಯಿತು. ರಾಜ್ಯದ ಹಲವು ಪುರಸಭೆಗಳಲ್ಲಿ ಅಧ್ಯಕ್ಷ ಸ್ಥಾನದ ಮುಂದಿನ ಅವಧಿಯ ಮೀಸಲಾತಿ ಪಟ್ಟಿಗಾಗಿ 2024ರ ಆಗಸ್ಟ್‌ವರೆಗೆ ಕಾಯಬೇಕಾಯಿತು.

ಗಡಿಯಾಚೆಯ ಜತ್ತ, ಮಿರಜ ತಾಲ್ಲೂಕುಗಳಲ್ಲಿ ಬೀಗರಿರುವ ಸತ್ತಿಯ ಮನೆಗಳಿಗೆ ಇನ್ನೊಂದು ಪದ್ಧತಿಯೂ ಗೊತ್ತು. ಮಹಾರಾಷ್ಟ್ರದಲ್ಲಿ ಹಳ್ಳಿಯ ಸರಪಂಚನನ್ನು ಜನರೇ ನೇರವಾಗಿ ಆರಿಸುವ ಪದ್ಧತಿ 2017ರಲ್ಲಿ ಬಂದು, 2020ರಲ್ಲಿ ರದ್ದಾಗಿ, 2022ರಲ್ಲಿ ಮರಳಿ ಬಂದಿತು. ಸರಕಾರ ಬದಲಾದಂತೆಲ್ಲ ಪದ್ಧತಿಯೂ ಬದಲಾಯಿತೆಂಬುದು ಅದರ ದೌರ್ಬಲ್ಯ. ನೇರ ಆಯ್ಕೆಯಾದ ಸರಪಂಚ ಒಂದು ಕಡೆ, ಬಹುಮತದ ಸದಸ್ಯರು ಇನ್ನೊಂದು ಕಡೆ ಆಗಿ ಊರಿನ ಕೆಲಸ ನಿಂತರೆ ಗತಿಯೇನೆಂಬ ಪ್ರಶ್ನೆಯೂ ಇದೆ. ಆದರೂ ತಮ್ಮ ಊರಿನ ಮುಖ್ಯಸ್ಥನನ್ನು ತಾವೇ ಆರಿಸಿದ್ದೇವೆಂಬ ತೃಪ್ತಿ ಬೀಗರಿಗಿದೆ. ಆ ತೃಪ್ತಿ ಗಡಿಯ ಈಚೆ ಇಲ್ಲ.

ಹಾಗಾದರೆ ನಮ್ಮ ಮತದಾರ ಮಾಡಬಹುದಾದದ್ದೇನು? ಮೇಯರ್ ಆಯ್ಕೆಯ ದಿನ ಸಭಾಗೃಹದ ಹೊರಗೆ ನಿಂತು ಘೋಷಣೆ ಕೂಗುವುದಕ್ಕಿಂತ, ವಾರ್ಡಿನ ಚುನಾವಣೆಯ ದಿನ ಮತಗಟ್ಟೆಗೆ ಹೋಗುವುದು ಹೆಚ್ಚು ಫಲಕಾರಿ. ಮತ ಕೇಳಲು ಬಂದ ಅಭ್ಯರ್ಥಿಗೆ ಮೇಯರ್ ಆಯ್ಕೆಯಲ್ಲಿ ಯಾರ ಪರ ಕೈ ಎತ್ತುವಿರಿ, ಏಕೆ ಎಂದು ಮೊದಲೇ ಕೇಳಬಹುದು. ಕೈ ಎತ್ತುವುದು ಬಹಿರಂಗವಾದ್ದರಿಂದ ಐದು ವರ್ಷಗಳ ಬಳಿಕ ಲೆಕ್ಕವನ್ನೂ ಕೇಳಬಹುದು. ಮೀಸಲಾತಿ ಪಟ್ಟಿ ಚುನಾವಣೆಗೂ ಮೊದಲೇ ಪ್ರಕಟವಾಗಬೇಕು, ಫಲಿತಾಂಶದ ಬಳಿಕ ಇಂತಿಷ್ಟು ದಿನಗಳಲ್ಲಿ ಮೊದಲ ಸಭೆ ನಡೆಯಲೇಬೇಕು ಎಂಬ ಎರಡು ಬೇಡಿಕೆಗಳನ್ನು ಕನ್ನಡಿಗ, ಮರಾಠಿಗ, ಉರ್ದು ಭಾಷಿಕರೆಲ್ಲರೂ 2019ರಿಂದ 2023ರವರೆಗಿನ ಅನುಭವದ ಬಳಿಕ ಒಟ್ಟಾಗಿ ಮುಂದಿಡಬಹುದು.

ಈ ಪಾಲಿಕೆಯ ಅವಧಿ 2028ರ ಫೆಬ್ರುವರಿವರೆಗೆ ಇದೆ. ಅದು ಮುಗಿದ ಬಳಿಕ ವಾರ್ಡುಗಳಿಗೆ ಮತ್ತೆ ಚುನಾವಣೆ ಬರಬೇಕು. ಮುಂದಿನ ಮೇಯರ್ ಯಾರೆಂಬ ಪ್ರಶ್ನೆಗಿಂತ, ಗೆದ್ದ ಸದಸ್ಯರು ಆ ಬಾರಿ ಎಷ್ಟು ತಿಂಗಳು ಕಾಯಬೇಕಾದೀತೆಂಬ ಪ್ರಶ್ನೆಯೇ ಚಹಾದಂಗಡಿಯ ಮಾತಿಗೆ ಹೆಚ್ಚು ಯೋಗ್ಯ.